ಸೀಲಿಂಗಿನ ದೀಪವೂ ಅವ್ವನ ಹುಣಸೆಹಣ್ಣೂ

ಕಲಬುರಗಿಯಲ್ಲಿ ಈಚೆಗೆ ಮನೆ ಕಟ್ಟಿಸಿದವರನ್ನು ನೋಡಲು ಹೋದರೆ, ಅವರು ನಿಮ್ಮನ್ನು ಕೂಡಿಸುವುದಕ್ಕಿಂತ ಮೊದಲು ಮೇಲಕ್ಕೆ ನೋಡಿಸುತ್ತಾರೆ. ಪಿಒಪಿ ಮಾಡಿಸಿದ ಫಾಲ್ಸ್ ಸೀಲಿಂಗು, ಅದರ ಅಂಚಿನ ಕುಸುರಿ, ನಡುನಡುವೆ ತೂತು ಕೊರೆದು ಒಳಗೆ ಹುದುಗಿಸಿದ ದುಂಡನೆಯ ದೀಪಗಳು, ಇಷ್ಟನ್ನೂ ಕತ್ತು ನೋಯುವವರೆಗೆ ನೋಡಿ ‘ಭಾಳ ಚಂದ ಆಗ್ಯದ್ರಿ’ ಎಂದು ಹೇಳಿದ ಮೇಲೆಯೇ ಚಹಾ ಬರುತ್ತದೆ. ಬೇಸಿಗೆಯಲ್ಲಿ ಬಿಸಿಲು ನಲವತ್ತೆರಡು, ನಲವತ್ತಮೂರು ಡಿಗ್ರಿ ಮುಟ್ಟುವ ಈ ಊರಿನಲ್ಲಿ ಜನರಿಗೆ ಹೊರಗಿನ ಬೆಳಕೇ ಸಾಕಾಗಿಹೋಗಿರುತ್ತದೆ; ಆದರೂ ಸಂಜೆಯಾದೊಡನೆ ಛಾವಣಿಯೊಳಗಿಂದ ಮತ್ತಷ್ಟು ಬೆಳಕನ್ನು ಇಳಿಸಿಕೊಳ್ಳುವ ಉತ್ಸಾಹಕ್ಕೆ ಮಾತ್ರ ಕೊರತೆಯಿಲ್ಲ.

ನಮ್ಮ ಮನೆಯಲ್ಲಿ ಮೊದಲು ಇದ್ದವು ಒಂದೇ ತುಂಡಿನ ದೀಪಗಳು. ಅವುಗಳಲ್ಲಿ ಏನೊಂದು ಕೆಟ್ಟರೂ ಎಲ್ಲವೂ ಕೆಟ್ಟಂತೆಯೇ ಲೆಕ್ಕ. ಮುಂದಿನ ಪ್ಲಾಸ್ಟಿಕ್ ಹಾಳೆ ವರ್ಷಗಳುರುಳಿದಂತೆ ಬಿಸಿಗೆ ಹಳದಿಗಟ್ಟಿತು. ಒಳಗಿನ ಎಲ್‌ಇಡಿ ಆರೋಗ್ಯವಾಗಿಯೇ ಇದ್ದರೂ ಬೆಳಕು ಮಾತ್ರ ಕಾಮಾಲೆಯಾದವರ ಕಣ್ಣಿನ ಬಣ್ಣಕ್ಕೆ ತಿರುಗಿತು. ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ರೆಕ್ಕೆಯ ಗೆದ್ದಲುಗಳು ಯಾವ ಸಂದಿನಿಂದಲೋ ಅದರೊಳಗೆ ನುಗ್ಗಿ, ಹೊರಬರುವ ದಾರಿ ಕಾಣದೆ ಅಲ್ಲಿಯೇ ಪ್ರಾಣ ಬಿಟ್ಟವು. ಅವುಗಳ ನೆರಳು ಸೋಫಾದ ಮೇಲೆ ಕೂತವರ ಬಿಳಿ ಅಂಗಿಗಳ ಮೇಲೆ ಬಿದ್ದು, ಬಂದವರೆಲ್ಲ ಸುಮ್ಮಸುಮ್ಮನೆ ತೋಳು ಝಾಡಿಸಿಕೊಳ್ಳುತ್ತಿದ್ದರು. ದೀಪವನ್ನು ಬಿಚ್ಚಿ ಹುಳಗಳನ್ನು ಸುರಿಯೋಣವೆಂದರೆ ಬಿಚ್ಚಲು ಅದಕ್ಕೆ ಬಾಯಿಯೇ ಇರಲಿಲ್ಲ. ಅಂಗಡಿಯವನಿಗೆ ತೋರಿಸಿದರೆ, ‘ಇದು ರಿಪೇರಿ ಆಗಂಗಿಲ್ರಿ ಸರ, ಒಗದು ಹೊಸಾದು ಹಾಕ್ರಿ’ ಎಂದು, ಸತ್ತ ಹುಳ ಮತ್ತು ಬದುಕಿದ್ದ ಎಲ್‌ಇಡಿ ಎರಡಕ್ಕೂ ಒಟ್ಟಿಗೆ ತರ್ಪಣ ಬಿಡಿಸಿದ.

ಆ ಬಳಿಕ ನಮ್ಮ ಮಿಸ್ತ್ರಿ ತಂದು ತೋರಿಸಿದ್ದು ಭಾಗಗಳನ್ನು ಬದಲಿಸಬಹುದಾದ ದೀಪ. ಸೂಪರ್ ಮಾರ್ಕೆಟ್ಟಿನ ಅಂಗಡಿಯಿಂದ ತಂದ ಡಬ್ಬಿಯನ್ನು ದೀವಾನದ ಮೇಲೆ ಬಿಚ್ಚಿ, ಹಬ್ಬದ ಬಟ್ಟೆ ತೋರಿಸುವವನಂತೆ ಒಂದೊಂದನ್ನೇ ಹರಡಿದ. ಬಿಸಿಯನ್ನು ಹೊರಗೆ ಕಳಿಸಲು ಬೆನ್ನಿಗೆ ಅಲ್ಯೂಮಿನಿಯಮ್ ರೆಕ್ಕೆಗಳಿರುವ ಹೀಟ್‌ಸಿಂಕು, ಅದರ ಹೊಟ್ಟೆಯಲ್ಲಿ ಹಳದಿ ಬೊಟ್ಟಿನಷ್ಟು ಎಲ್‌ಇಡಿ ಚಿಪ್ಪು, ಮುಂದೆ ಪಾರದರ್ಶಕ ಲೆನ್ಸು ಅಥವಾ ಕನ್ನಡಿಯಂತೆ ಹೊಳೆಯುವ ರಿಫ್ಲೆಕ್ಟರು, ಅದನ್ನು ಹಿಡಿದಿಡುವ ರಿಂಗು, ಮನೆಯ ಕರೆಂಟನ್ನು ಎಲ್‌ಇಡಿಗೆ ಒಗ್ಗುವಂತೆ ಮಾಡಿ ಕೊಡುವ, ವೈರಿನ ತುದಿಯಲ್ಲಿ ತೂಗುವ ಡ್ರೈವರ್ ಡಬ್ಬಿ. ಚಿಪ್ಪಿನಿಂದ ಹೊರಟ ಬೆಳಕು ಸುತ್ತಲೂ ಚೆಲ್ಲಾಪಿಲ್ಲಿಯಾಗದಂತೆ ಕೂಡಿಸಿ ಕೆಳಗೆ ಕಳಿಸುವುದು ಲೆನ್ಸಿನ ಅಥವಾ ರಿಫ್ಲೆಕ್ಟರಿನ ಕೆಲಸ. ಅದನ್ನು ಬದಲಿಸಿದರೆ ದೀಪ ಅದೇ ಇದ್ದು ಬೆಳಕಿನ ಸ್ವಭಾವ ಬದಲಾಗುತ್ತದೆ. ರಿಂಗನ್ನು ಬೆರಳಿನಿಂದ ಕಾಲು ಸುತ್ತು ತಿರುವಿದರೆ ಲೆನ್ಸು ಕೈಗೆ ಬರುತ್ತದೆ. ಸ್ಕ್ರೂಡ್ರೈವರ್ ಬೇಡ, ದೀಪವನ್ನು ಛಾವಣಿಯಿಂದ ಇಳಿಸುವುದೂ ಬೇಡ. ಹಾಗೆ ಇಳಿಸಬೇಕಾಗಿ ಬಂದಾಗ ಎರಡೂ ಬದಿಯ ಸ್ಪ್ರಿಂಗ್ ಕ್ಲಿಪ್ಪುಗಳು ಬೆರಳಿನ ಮೇಲೆ ಹೇಗೆ ಎರಗುತ್ತವೆಂಬುದನ್ನು ಬಲ್ಲವರೇ ಬಲ್ಲರು. ಮಿಸ್ತ್ರಿಯ ಹೆಬ್ಬೆರಳಿನ ಉಗುರು ಸದಾಕಾಲ ನೇರಳೆ ಬಣ್ಣದಲ್ಲಿರುವುದು ಆ ಕಾರಣಕ್ಕೆ.

‘ಹದಿನೈದು ಡಿಗ್ರಿ ಬೇಕೋ, ಇಪ್ಪತ್ತನಾಲ್ಕೋ, ಮೂವತ್ತಾರೋ?’ ಎಂದು ಮಿಸ್ತ್ರಿ ಕೇಳಿದಾಗ, ಅಪ್ಪ ಹೊರಗಿನ ಬಿಸಿಲನ್ನೊಮ್ಮೆ ನೋಡಿ, ‘ಹದಿನೈದು ಇದ್ರ ಭಾಳ ಛಲೋ ನೋಡಪ್ಪ’ ಎಂದರು. ಮಿಸ್ತ್ರಿ ಹೇಳಿದ್ದು ಬೆಳಕು ಹರಡುವ ಕೋನದ ಮಾತು. ನಮ್ಮ ಫಾಲ್ಸ್ ಸೀಲಿಂಗು ನೆಲದಿಂದ ಒಂಬತ್ತು ಅಡಿ ಮೇಲಿದೆ; ಎರಡೂವರೆ ಅಡಿ ಎತ್ತರದ ಮೇಜಿನ ಮೇಲೆ ಹದಿನೈದು ಡಿಗ್ರಿಯ ಲೆನ್ಸು ಒಂದೂಮುಕ್ಕಾಲು ಅಡಿಗೂ ಚೂರು ಕಡಿಮೆ ಅಗಲದ ಬೆಳಕಿನ ವೃತ್ತವನ್ನು ಹಾಕುತ್ತದೆ, ಮೂವತ್ತಾರರದು ನಾಲ್ಕಡಿಗೂ ಮಿಕ್ಕಿದ್ದನ್ನು, ಅರವತ್ತರದು ಏಳೂವರೆ ಅಡಿಯದನ್ನು. ಬೆಳಕಿನ ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ, ವೃತ್ತ ಕಿರಿದಾದಷ್ಟೂ ಅದರೊಳಗಿನ ಪ್ರಖರತೆ ಏರುತ್ತದೆ; ಮೂವತ್ತಾರನ್ನು ತೆಗೆದು ಹದಿನೈದನ್ನು ಹಾಕಿದರೆ, ಬರೀ ಲೆಕ್ಕದ ಪ್ರಕಾರ, ಸುಮಾರು ಆರು ಪಟ್ಟು. ಈ ಲೆಕ್ಕವನ್ನು ಮನೆಯವರಿಗೆಲ್ಲ ಬಿಡಿಸಿ ಹೇಳಿದ್ದರಿಂದ ಆದ ಪ್ರಯೋಜನವೆಂದರೆ, ಪ್ರತಿಯೊಬ್ಬರೂ ತಮಗೆ ಬೇಕಾದ ಡಿಗ್ರಿ ಯಾವುದೆಂದು ಅಂದೇ ನಿಶ್ಚಯಿಸಿಕೊಂಡರು.

ಕೆಟ್ಟರೆ ಬದಲಿಸುವುದು ಸುಲಭವಾಗಬೇಕೆಂದು ಮಾಡಿದ ವಸ್ತು, ಕೆಡದಿದ್ದಾಗಲೂ ಬದಲಿಸಲು ಅಷ್ಟೇ ಸುಲಭ ಎಂಬುದನ್ನು ಅದನ್ನು ರೂಪಿಸಿದ ಎಂಜಿನಿಯರು ಕೂಡುಕುಟುಂಬದಲ್ಲಿ ಬೆಳೆದವನಾಗಿದ್ದರೆ ಮೊದಲೇ ಊಹಿಸುತ್ತಿದ್ದ. ಅಪ್ಪನಿಗೆ ದಿನಪತ್ರಿಕೆಯ ಮೇಲೆ ಮಾತ್ರ ಗಟ್ಟಿ ಬೆಳಕು ಬೀಳಬೇಕು. ಅವ್ವನಿಗೆ ಬೇಳೆ ಹಸನು ಮಾಡುವಾಗ ಮೊರದ ತುಂಬ ಬೀಳಬೇಕು. ನನ್ನ ಹೆಂಡತಿಗೆ ಗೋಡೆಗಳೆಲ್ಲ ಸಮನಾಗಿ ಬೆಳಗಬೇಕು, ಏಕೆಂದರೆ ಬಣ್ಣಕ್ಕೆ ಆದ ಖರ್ಚು ಅವಳಿಗೆ ಇನ್ನೂ ನೆನಪಿದೆ. ಮಗನಿಗೆ ಮೊಬೈಲಿನಲ್ಲಿ ತನ್ನ ಮುಖ ತೆಗೆದುಕೊಳ್ಳುವಾಗ ಕಣ್ಣಿನ ಕೆಳಗೆ ನೆರಳು ಬರಬಾರದು. ಸಮಾಧಾನದ ಹಳೆಯ ದಿನಗಳಲ್ಲಿ ದೀಪವನ್ನು ಮುಟ್ಟುವ ಅಧಿಕಾರ ಮಿಸ್ತ್ರಿಯೊಬ್ಬನಿಗೇ ಇತ್ತು, ಆತನೋ ಕರೆದರೆ ಬರುವವನಲ್ಲ; ಆದ್ದರಿಂದ ಜಗಳಕ್ಕೆ ಆಸ್ಪದವೇ ಇರಲಿಲ್ಲ. ಈಗ ಅಡುಗೆಮನೆಯ ಸ್ಟೂಲು ಹಾಲಿನೊಳಗೆ ಬಂದು ನಿಂತಿತೆಂದರೆ ಯಾರೋ ಯಾರದೋ ಬೆಳಕಿಗೆ ಕೈ ಹಾಕಲಿದ್ದಾರೆಂದೇ ಅರ್ಥ. ಸ್ಟೂಲು ಹತ್ತಲಾಗದ ಅಪ್ಪ, ಮೊಮ್ಮಗನಿಗೆ ಐಸ್‌ಕ್ರೀಮಿನ ಆಸೆ ತೋರಿಸಿ ತಮ್ಮ ಕೆಲಸ ಮಾಡಿಸಿಕೊಳ್ಳುತ್ತಾರೆ. ಆ ಹುಡುಗನೋ ಅಜ್ಜನಿಂದ ಐಸ್‌ಕ್ರೀಮು ತಿಂದು ಲೆನ್ಸು ಹಾಕಿ, ಅಜ್ಜಿಯಿಂದ ಉಂಡಿ ತಿಂದು ತೆಗೆಯುತ್ತಾನೆ. ಮನೆಯಲ್ಲಿ ಎಲ್ಲರೂ ಒಪ್ಪಿ ಪಾಲಿಸುತ್ತಿರುವ ನಿಯಮ ಒಂದೇ: ಸ್ವಿಚ್ಚು ಆರಿಸಿ, ದೀಪ ತಣ್ಣಗಾದ ಮೇಲೆಯೇ ಮುಟ್ಟಬೇಕು. ಹೀಟ್‌ಸಿಂಕು ಒಮ್ಮೆ ಮಗನ ಬೆರಳಿಗೆ ಅದನ್ನು ಪಾಠ ಮಾಡಿದ್ದರಿಂದ ಉಳಿದವರಿಗೆ ಬೇರೆ ಉಪದೇಶ ಬೇಕಾಗಲಿಲ್ಲ.

ಆಳಂದದಿಂದ ಕಾಕಾ ಬಂದ ಸಂಜೆ ಹಾಲಿನ ಟೀಪಾಯಿಗೆ ನೇರವಾಗಿ ಸೀಲಿಂಗಿನಲ್ಲಿದ್ದ ದೀಪದಲ್ಲಿ ಹದಿನೈದು ಡಿಗ್ರಿಯ ಲೆನ್ಸು ಕೂತಿತ್ತು. ನನ್ನ ಹೆಂಡತಿ ಸುಸಲಾ, ಮಿರ್ಚಿ ಭಜಿ ಮತ್ತು ಶೇಂಗಾದ ಹೋಳಿಗೆಗಳನ್ನು ಒಟ್ಟಿಗೆ ತಂದಿಟ್ಟಳು. ಬೆಳಕಿನ ವೃತ್ತದೊಳಗೆ ಸಿಕ್ಕಿದ್ದು ಭಜಿಯ ತಾಟು ಮಾತ್ರ. ಅದು ನಾಟಕದ ನಾಯಕನಂತೆ ಝಗಝಗಿಸುತ್ತಿದ್ದರೆ, ಬೆಳಗ್ಗೆಯಿಂದ ಲಟ್ಟಿಸಿ ಬೇಯಿಸಿದ ಹೋಳಿಗೆಗಳು ಪಕ್ಕದ ಕತ್ತಲಲ್ಲಿ ಅನಾಥವಾಗಿ ಕುಳಿತಿದ್ದವು. ಕಾಕಾನ ಕೈ ಭಜಿಯಿಂದ ಭಜಿಗೆ ಹೋಗಿಬಂದು, ತಾಟು ಬರಿದಾದ ಮೇಲೆ ಅವರು ಖಾರಕ್ಕೆ ಬೆವರುತ್ತ, ‘ಯವ್ವಾ, ಸಿಹಿ ಏನರೆ ಮಾಡಿದ್ದಿ ಅಂದ್ರ ಬಾಯಿ ತಣ್ಣಗಾಗ್ತಿತ್ತು’ ಎಂದುಬಿಟ್ಟರು. ಹೆಂಡತಿ ಮೇಲೆ ದೀಪವನ್ನೂ ಕೆಳಗೆ ಮಗನನ್ನೂ ನೋಡಿದ ಬಗೆಯಲ್ಲಿ ಡ್ರೈವರ್ ಡಬ್ಬಿ ಸುಟ್ಟುಹೋಗದಿದ್ದುದು ಆಶ್ಚರ್ಯ.

ಆದರೆ ಕಾಕಾ ಆ ಬೆಳಕಿಗೆ ಮಾರುಹೋದರು. ಅವರು ನೆಹರೂ ಗಂಜಿನಲ್ಲಿ ತೊಗರಿಯ ವ್ಯವಹಾರ ಬಲ್ಲವರು. 2019ರಲ್ಲಿ ಕಲಬುರಗಿಯ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದು ತಮ್ಮಿಂದಲೇ ಎಂಬ ಗತ್ತು ಅವರಿಗಿದೆ. ಅಂಗಿಯ ಕಿಸೆಯಿಂದ ಕರವಸ್ತ್ರದ ಗಂಟು ಬಿಚ್ಚಿ, ಒಂದು ಮುಷ್ಟಿ ತೊಗರಿಯನ್ನು ಅಂಗೈ ಮೇಲೆ ಹರಡಿ ವೃತ್ತದೊಳಗೆ ಹಿಡಿದರು. ಕಾಳಿನ ಮೈಯ ಸುಕ್ಕು, ಸೂಜಿಮೊನೆಯಷ್ಟು ಸಣ್ಣ ಹುಳದ ತೂತು, ಜೊಳ್ಳಿನ ಅಂಚು ಎಲ್ಲವೂ ಬೇರೆಬೇರೆಯಾಗಿ ಎದ್ದು ಕಂಡವು. ‘ಇದನ್ನ ಕೊಟ್ಟಾಂವ ಟ್ಯೂಬ್‌ಲೈಟಿನ ಕೆಳಗ ತೋರಿಸ್ಯಾನ ನೋಡ್ರಿ ನನಗ’ ಎಂದು ಅಂದಿನಿಂದ ಆ ಮಾರಾಟಗಾರನ ಹೆಸರು ಎತ್ತುವಾಗಲೆಲ್ಲ ಹಲ್ಲು ಕಡಿಯುತ್ತಾರೆ. ಹೊರಡುವಾಗ ಲೆನ್ಸನ್ನು ಕೇಳಿದರು. ದೀಪವಿಲ್ಲದೆ ಬರೀ ಲೆನ್ಸು ಕೆಲಸಕ್ಕೆ ಬಾರದೆಂದು ನಾನು ಹೇಳಿದ್ದನ್ನು ಅವರು ಜಿಪುಣತನವೆಂದೇ ಭಾವಿಸಿರಬೇಕು.

ನಮ್ಮ ಹಾಲಿನ ನೆಲಕ್ಕೆ ಪಾಲಿಶ್ ಮಾಡಿಸಿದ ಶಹಾಬಾದ್ ಫರಸಿ ಇದೆ. ಮೇಲೆ ಎಷ್ಟು ದೀಪಗಳಿವೆಯೋ ಅಷ್ಟೇ ದೀಪಗಳು ಅದರೊಳಗೂ ಕಾಣುತ್ತವೆ. ಬಂದವರೊಬ್ಬರು ‘ನೆಲದಾಗೂ ಲೈಟ್ ಕೂಡಿಸೀರೇನ್ರಿ?’ ಎಂದು ಕಾಲನ್ನು ಎತ್ತೆತ್ತಿ ಇಟ್ಟು ದಾಟಿದರು. ಕಣ್ಣು ಕುಕ್ಕುವ ಈ ಬಾಧೆಗೆ ಜೇನುಗೂಡಿನ ಆಕಾರದ ಕಪ್ಪು ಜಾಲರಿಯೊಂದು ಬರುತ್ತದೆ. ಅದನ್ನು ಲೆನ್ಸಿನ ಮುಂದೆ ಕೂಡಿಸಿದರೆ ಓರೆಯಾಗಿ ಹೊರಡುವ ಬೆಳಕು ಅಲ್ಲಿಯೇ ತಡೆದು, ದೂರ ಕೂತವರಿಗೆ ದೀಪದ ಉರಿ ಕಾಣುವುದಿಲ್ಲ. ಬದಲಿಗೆ ಬೆಳಕೂ ಒಂದಿಷ್ಟು ಖರ್ಚಾಗುತ್ತದೆ. ಬೆಳಕು ಇರಬೇಕು, ಆದರೆ ಅದರ ಮೂಲ ಕಣ್ಣಿಗೆ ಬೀಳಬಾರದು ಎನ್ನುವ ಈ ಉಪಾಯ ನಮ್ಮೂರಿಗೆ ಹೊಸದೇನಲ್ಲ. ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿಗೆ ಉಳಿದ ಹಲವು ಮಸೀದಿಗಳಂತೆ ತೆರೆದ ಅಂಗಳವಿಲ್ಲ, ಇಡಿಯಾಗಿ ಛಾವಣಿಯಿದೆ. ಬೆಳಕು ಪಕ್ಕದ ಅಗಲವಾದ ಕಮಾನುಗಳಿಂದ ಒಳಬಂದು ಸಾಲುಸಾಲು ಕಂಬಗಳ ನಡುವೆ ಮೆತ್ತಗಾಗುತ್ತ ಹೋಗುತ್ತದೆ. ಅಲ್ಲಿಗೆ ಹೋದಾಗ ಅಪ್ಪ ಬಹಳ ಹೊತ್ತು ಮೇಲೆ ನೋಡಿ, ‘ಒಂದರೆ ತೂತು ಕೊರದಾರೇನು ನೋಡು’ ಎಂದು ನನಗೆ ಹೇಳಿದರು. ಆ ಮಾತು ಫಾಲ್ಸ್ ಸೀಲಿಂಗಿನ ಬಿಲ್ಲು ಕಟ್ಟಿದವನಿಗೆ ಎಲ್ಲಿ ತಾಗಬೇಕೋ ಅಲ್ಲಿಯೇ ತಾಗಿತು.

ಈ ದೀಪಗಳ ವಿಷಯದಲ್ಲಿ ನನಗಿರುವ ತಕರಾರು ಒಂದೇ. ಒಬ್ಬ ತಯಾರಕನ ಲೆನ್ಸು ಇನ್ನೊಬ್ಬನ ರಿಂಗಿನಲ್ಲಿ ಕೂರುವುದಿಲ್ಲ. ಕಣ್ಣಳತೆಗೆ ಎರಡೂ ಒಂದೇ, ತಿರುವಲು ಹೋದರೆ ಕೂದಲೆಳೆಯಷ್ಟು ಹೆಚ್ಚುಕಡಿಮೆ. ಎಂಆರ್16 ಎಂಬ ಹಳೆಯ ಪುಟ್ಟ ರಿಫ್ಲೆಕ್ಟರ್ ಬಲ್ಬಿನ ಕಾಲದಲ್ಲಿ ಈ ತೊಂದರೆ ಕಡಿಮೆ ಇತ್ತು, ಏಕೆಂದರೆ ಅದರ ಅಗಲ ಇಂಚಿನ ಎಂಟನೆಯ ಒಂದು ಭಾಗದ ಹದಿನಾರು ಪಟ್ಟು, ಅಂದರೆ ಎರಡಿಂಚು ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಯುರೋಪಿನ ಒಕ್ಕೂಟದಲ್ಲಿ 2021ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ನಿಯಮದಂತೆ, ತಾಂತ್ರಿಕ ಕಾರಣವೇನೂ ಇಲ್ಲದಿದ್ದರೆ ದೀಪದೊಳಗಿನ ಬೆಳಕಿನ ಮೂಲವನ್ನೂ ಡ್ರೈವರನ್ನೂ ಎಲ್ಲರಿಗೂ ಸಿಗುವ ಸಲಕರಣೆಗಳಿಂದ, ದೀಪಕ್ಕೆ ಶಾಶ್ವತವಾದ ಹಾನಿಯಾಗದಂತೆ ಬದಲಿಸಲು ಬರಬೇಕು. ನಮ್ಮ ಮನೆಯಲ್ಲಿ ಎಲ್ಲರಿಗೂ ಸಿಗುವ ಸಲಕರಣೆಯೆಂದರೆ ಚಮಚದ ಹಿಡಿಕೆ. ಡ್ರೈವರ್ ಬದಲಿಸುವ ಪ್ರಸಂಗ ಇಲ್ಲಿ ಬೇಗನೆ ಬರುವುದಂತೂ ಖಂಡಿತ: ಅದರೊಳಗಿನ ಕೆಪಾಸಿಟರ್ ಎಂಬ ಬಿಡಿಭಾಗಕ್ಕೆ ಬಿಸಿ ಹತ್ತು ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ಎಂಜಿನಿಯರುಗಳ ಲೆಕ್ಕ, ಮತ್ತು ಅದು ಮಲಗಿರುವುದು ಮೇ ತಿಂಗಳ ಕಲಬುರಗಿಯ ಬಿಸಿಲಿಗೆ ಕಾದ ಸ್ಲ್ಯಾಬಿನ ಕೆಳಗಿನ ಸಂದಿನಲ್ಲಿ.

ಅವ್ವ ಈ ದೀಪಗಳಿಗೆ ತಾನಾಗಿ ಕೈ ಹಚ್ಚಿರಲಿಲ್ಲ, ದೀಪಾವಳಿಯ ಸ್ವಚ್ಛತೆಯ ಕೆಲಸ ಶುರುವಾಗುವವರೆಗೆ. ಮೊಮ್ಮಗನಿಂದ ಒಂದು ದೀಪದ ರಿಫ್ಲೆಕ್ಟರನ್ನು ಇಳಿಸಿಕೊಂಡು, ಅದರ ಮೇಲೆ ಕೂತಿದ್ದ ಧೂಳನ್ನು ನೋಡಿ, ದೇವರ ಮನೆಯ ಹಿತ್ತಾಳೆಯ ಸಮೆಗಳ ಜೊತೆಗೆ ಅದನ್ನೂ ಹಿತ್ತಲಿಗೆ ಒಯ್ದಳು. ಹುಣಸೆಹಣ್ಣು, ಉಪ್ಪು, ಬೂದಿ, ತೆಂಗಿನ ನಾರು: ಅರವತ್ತು ವರ್ಷ ಹಿತ್ತಾಳೆಯನ್ನು ಚಿನ್ನ ಮಾಡಿದ ಸರಂಜಾಮು. ಆದರೆ ರಿಫ್ಲೆಕ್ಟರೆಂದರೆ ಪ್ಲಾಸ್ಟಿಕ್ಕಿನ ಮೇಲೆ ಒಂದು ಮೈಕ್ರಾನಿಗಿಂತಲೂ ತೆಳುವಾಗಿ ಕೂತ ಅಲ್ಯೂಮಿನಿಯಮ್ಮಿನ ಪೊರೆ. ಒಣಗಿದ ಮೆತ್ತನೆಯ ಬಟ್ಟೆಗೂ ಅದು ಅಂಜುತ್ತದೆ. ಸಮೆಗಳು ಫಳಫಳ ಹೊಳೆದವು. ರಿಫ್ಲೆಕ್ಟರಿನ ಹೊಳಪು ನೀರಿನ ಜೊತೆ ತುಳಸಿಯ ಬುಡ ಸೇರಿ, ಕೈಯಲ್ಲಿ ಮಂಕು ಬೂದು ಬಣ್ಣದ ಪ್ಲಾಸ್ಟಿಕ್ ಬಟ್ಟಲೊಂದು ಉಳಿಯಿತು. ಅವ್ವ ಅದನ್ನು ತಿರುಗಿಸಿ ಮರುಗಿಸಿ ನೋಡಿ, ‘ಕಲಾಯಿ ಹಾಕಿ ಮಾರ್ಯಾರೋ ತಮ್ಮಾ, ಒಳಗ ಏನೂ ಇಲ್ಲ ಇದು’ ಎಂದು ತೀರ್ಪು ಕೊಟ್ಟಳು. ದೀಪ ಹೋಗಲಿಲ್ಲ, ಹೋದದ್ದು ರಿಫ್ಲೆಕ್ಟರೊಂದೇ. ಮಿಸ್ತ್ರಿ ಹೊಸದನ್ನು ತಂದು, ಸ್ಟೂಲಿನ ಮೇಲೆ ನಿಂತು ಕಾಲು ಸುತ್ತು ತಿರುವಿ, ಚಹಾ ಆರುವುದರೊಳಗೆ ಇಳಿದ.

ಹಳೆಯದನ್ನು ಎಸೆಯಲು ಕೇಳಿದರೆ ಅವ್ವ ಕೊಡಲಿಲ್ಲ. ಮೇಲೆ ಅಗಲ, ಕೆಳಗೆ ಚಿಪ್ಪಿಗಾಗಿ ಬಿಟ್ಟ ಸಣ್ಣ ತೂತು; ದೇವರ ದೀಪದ ಎಣ್ಣೆಯನ್ನು ಡಬ್ಬಿಯಿಂದ ಶೀಶೆಗೆ ಸುರಿಯಲು ಅದಕ್ಕಿಂತ ಒಳ್ಳೆಯ ಲಾಳಿಕೆ ಸಿಗದೆಂದು ಅವಳು ಆಗಲೇ ಕಂಡುಕೊಂಡಿದ್ದಳು. ಓಣಿಯ ಹೆಂಗಸರು ಬಂದು ನೋಡಿದರು. ಈಗ ಮಿಸ್ತ್ರಿ ಮನೆಗೆ ಬಂದರೆ, ಆತ ಚಪ್ಪಲಿ ಬಿಡುವುದಕ್ಕೂ ಮೊದಲು ಅವ್ವ, ‘ಆ ಬಟ್ಟಲಾ ಇನ್ನೂ ಎರಡು ಬೇಕಪ್ಪಾ, ಒಂದು ಸ್ವಲ್ಪ ದೊಡ್ಡ ತೂತಿಂದು ತಾ’ ಎಂದು ಆರ್ಡರು ಕೊಡುತ್ತಾಳೆ. ಅದು ಎಷ್ಟು ಡಿಗ್ರಿಯ ರಿಫ್ಲೆಕ್ಟರಿರಬೇಕೆಂದು ಆತ ನನ್ನನ್ನು ಕೇಳುತ್ತಾನೆ.