ಸ್ಪಷ್ಟನೆ: ಕೆಂಪು ಕಣ್ಣಿನ ‘ಬಿಳಿ ಶಾರ್ಕ್’ ಸಮುದ್ರದ್ದಲ್ಲ

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಕೆಂಪು ಕಣ್ಣಿನ ಬಿಳಿ ಮೀನಿನ ಬಗ್ಗೆ ‘ಅಪರೂಪದ ಸಮುದ್ರ ಶಾರ್ಕ್ ಮರಿ, ನೀರಿಗೆ ಉಪ್ಪು ಹಾಕಿ, ಚಿಕ್ಕ ಟ್ಯಾಂಕಿನಲ್ಲಿಟ್ಟರೆ ಚಿಕ್ಕದಾಗೇ ಇರುತ್ತೆ’ ಎಂಬ ಮಾತು ಓಡಾಡುತ್ತಿದೆ. ಮೂರೂ ತಪ್ಪು.

ಬಾಯಿಯ ಬಳಿ ನೋಡಿ: ಎರಡು ಜೊತೆ ಮೀಸೆ. ಕಿವಿರಿಗೆ ಮುಚ್ಚಳವಿದೆ, ನಿಜವಾದ ಶಾರ್ಕಿಗಾದರೆ ಪಕ್ಕೆಯಲ್ಲಿ ಕನಿಷ್ಠ 5 ಸೀಳು ಬರಿಗಣ್ಣಿಗೇ ಕಾಣುತ್ತವೆ. ಇದು ಪಂಗಾಸಿಯಸ್, ಆಗ್ನೇಯ ಏಷ್ಯಾದ ಮೆಕಾಂಗ್ ನದಿಯ ಸಿಹಿನೀರಿನ ಮೀನು. ಹೋಟೆಲಿನಲ್ಲಿ ‘ಬಾಸಾ’ ಎಂದು ತಟ್ಟೆಗೆ ಬರುವುದೂ ಹೆಚ್ಚಾಗಿ ಇದೇ! ಬಿಳಿ ಬಣ್ಣ ಆಲ್ಬಿನೋ (ಹುಟ್ಟಿನಿಂದಲೇ ಮೈಬಣ್ಣವಿಲ್ಲದ) ತಳಿಯದು, ಅಷ್ಟೇ.

ಉಪ್ಪು ಬೇಕಿಲ್ಲ. ಮೈಮೇಲೆ ಹುರುಪೆ ಇಲ್ಲದ ಕಾರಣ ತಾಮ್ರ ಬೆರೆತ ಔಷಧಿಯನ್ನೂ ತಾಳಿಕೊಳ್ಳದು. ಉಷ್ಣತೆ 24–26 ಡಿಗ್ರಿ ಇರಲಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ಬೆಳೆದರೆ ಒಂದು ಮೀಟರ್ ದಾಟಬಹುದು. ಚಿಕ್ಕ ಟ್ಯಾಂಕಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ಕೊಳಕು ನೀರಿನಿಂದ. ಬೆಚ್ಚಿದಾಗ ಗಾಜಿಗೆ ಮೂತಿ ಬಡಿದು ಗಾಯ ಬೇರೆ. ಸಾಕಲಾಗದಿದ್ದರೆ ಅಂಗಡಿಗೆ ವಾಪಸ್ ಕೊಡಿ, ಕೆರೆಗೆ ಬಿಡಬೇಡಿ.