ಮರ ನೆಟ್ಟಷ್ಟೂ ಕಾವೇರಿ ಹರಿವು ಹೆಚ್ಚುತ್ತದೆಯೇ? ಒಂದು ಸ್ಪಷ್ಟನೆ

‘ಜಲಾನಯನದಲ್ಲಿ ಮರ ನೆಟ್ಟಷ್ಟೂ ಕಾವೇರಿಯಲ್ಲಿ ನೀರು ಹೆಚ್ಚುತ್ತದೆ, ಕಂಪ್ಯೂಟರ್ ಮಾದರಿಯೇ ಹೇಳಿದೆ’ ಎಂಬ ಸಂದೇಶ ಹರಿದಾಡುತ್ತಿದೆ. ಅರ್ಧ ಸತ್ಯ.

ಮರ ನೀರು ಕುಡಿಯುತ್ತದೆ. 94 ಜಲಾನಯನ ಪ್ರಯೋಗಗಳ 1982ರ ಪರಿಶೀಲನೆಯಲ್ಲಿ, ಪೈನ್ ಅಥವಾ ನೀಲಗಿರಿ ಹೊದಿಕೆ ಶೇ. 10ರಷ್ಟು ಹೆಚ್ಚಿದರೆ ವಾರ್ಷಿಕ ಹರಿವು ಸುಮಾರು 40 ಮಿ.ಮೀ. ಕುಗ್ಗುವುದು ಕಂಡಿತ್ತು. 1,000 ಚದರ ಕಿ.ಮೀ. ಜಲಾನಯನಕ್ಕೆ ಇದು ಸುಮಾರು 1.4 ಟಿಎಂಸಿ. ಎಲ್ಲ ಕಡೆಗೂ ಇದೇ ಅಂಕಿ ಅನ್ವಯಿಸದು, ಆದರೆ ದಿಕ್ಕು ಸ್ಪಷ್ಟ.

ಹಾಗಾದರೆ ಕಾಡಿನ ಹಳ್ಳ ಬೇಸಿಗೆಯಲ್ಲೂ ಹರಿಯುವುದೇಕೆ? ಹಳೆಯ ಕಾಡಿನ ಸಡಿಲ ಮಣ್ಣು ಮಳೆಯನ್ನು ಇಂಗಿಸಿಕೊಂಡು ನಿಧಾನವಾಗಿ ಬಿಡುತ್ತದೆ. ಇಂಗುವ ನೀರು ಮರ ಕುಡಿಯುವುದಕ್ಕಿಂತ ಹೆಚ್ಚಿದ್ದರಷ್ಟೇ ಬೇಸಿಗೆ ಹರಿವಿಗೆ ಲಾಭ. ದನ ತುಳಿದು ಗಟ್ಟಿಯಾದ ನೆಲದಲ್ಲಿ ಅಕೇಶಿಯಾ ನೆಟ್ಟ ಮಾತ್ರಕ್ಕೆ ಆ ಮಣ್ಣು ಮರಳುವುದಿಲ್ಲ. ಅದಕ್ಕೆ ದಶಕಗಳೇ ಬೇಕು.

ಇನ್ನು ಮಾದರಿಯ ಮಾತು. ನದಿ ಹರಿವಿನ ಲೆಕ್ಕಕ್ಕೆ ಬಳಸುವ ಸ್ವಾಟ್ (SWAT) ಎಂಬ ಕಂಪ್ಯೂಟರ್ ಮಾದರಿಯ ಮೂಲ ರೂಪ ಮರದ ಸುಪ್ತಾವಸ್ಥೆಯನ್ನು, ಅಂದರೆ ಬೆಳವಣಿಗೆ ನಿಲ್ಲುವ ಕಾಲವನ್ನು, ಹಗಲಿನ ಉದ್ದದಿಂದ ಲೆಕ್ಕ ಹಾಕುತ್ತದೆ, ಅದು ಚಳಿನಾಡಿನ ಕ್ರಮ. ನಮ್ಮ ಎಲೆಯುದುರು ಕಾಡಿಗೆ ಮುಖ್ಯವಾದದ್ದು ಮಣ್ಣಿನ ತೇವ. ಇದನ್ನು ತಿದ್ದದಿದ್ದರೆ ಬೇಸಿಗೆಯ ಬಾಷ್ಪೀಕರಣವೇ ತಪ್ಪುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್‌ಗೆ ಈ ಮಾದರಿಯಲ್ಲಿರುವ ಪೂರ್ವನಿಗದಿ ಮೌಲ್ಯ 330 ಪಿಪಿಎಂ (ಹತ್ತು ಲಕ್ಷದಲ್ಲಿ 330 ಭಾಗ). ನಿಜವಾದ ಪ್ರಮಾಣ ಈಗಾಗಲೇ 420 ದಾಟಿದೆ. ಅದನ್ನು ಬದಲಿಸದೆ 2050ರ ಹರಿವು ಹೇಳುವುದು ಹಳೇ ಪಂಚಾಂಗ ನೋಡಿ ಮುಹೂರ್ತ ಇಟ್ಟಂತೆ. ಅಳೆದ ಒಟ್ಟು ಹರಿವಿಗೆ ಮಾತ್ರ ತಾಳೆಯಾಗುವಂತೆ ಹೊಂದಿಸಿದ ಮಾದರಿಯನ್ನೂ ನಂಬಬೇಡಿ: ಫೆಬ್ರವರಿಯಿಂದ ಮೇವರೆಗಿನ ಕನಿಷ್ಠ ಹರಿವನ್ನು ಪ್ರತ್ಯೇಕವಾಗಿ ತಾಳೆ ನೋಡಿದ್ದಾರೆಯೇ ಎಂದು ಕೇಳಿ.