ಹೇಳಿಕೊಂಡರೆ ಹಗುರವಾಗುತ್ತಾ?

ಕಷ್ಟದ ನೆನಪುಗಳನ್ನು "ಹೇಳಿಕೊಂಡರೆ ಮನಸ್ಸು ಹಗುರ", ಹೆಂಗಸರ ನಡುವೆ ಒಂದು ಬಳಗವೂ ಬೆಳೆಯುತ್ತೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಲ್ಲ, ಅದರಲ್ಲಿ ಮೊದಲನೇ ಮಾತು ನಾನು ಒಪ್ಪುವುದಿಲ್ಲ. ನಾನು ಉಡುಪಿ ಕಡೆಯವಳು, ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ನಾನಿರುವ ಮನೆಯ ಅಜ್ಜಿ ಚಿಕ್ಕ ಹುಡುಗಿಯಾಗಿದ್ದಾಗ ಜರ್ಮನಿಯ ರಾವೆನ್ಸ್‌ಬ್ರೂಕ್‌ನಲ್ಲಿ ನಾಜಿಗಳು ಹೆಂಗಸರನ್ನು ಕೂಡಿಹಾಕುತ್ತಿದ್ದ ಕ್ಯಾಂಪಿನಲ್ಲಿದ್ದವರು. ಇಲ್ಲಿ 2011ರಲ್ಲಿ ಶುರುವಾದ ಝಿಕರೋನ್ ಬಸಲೋನ್ ಅಂತ ಇದೆ, ಮನೆಯ ಹಾಲ್‌ನಲ್ಲೇ ಕೂತು, ನಾಜಿಗಳು ಮಾಡಿದ ಯಹೂದಿಗಳ ಹತ್ಯಾಕಾಂಡದಲ್ಲಿ ಬದುಕುಳಿದವರ ಮಾತು ಕೇಳುವುದು, ಅದಕ್ಕೆ ಒಂದು ಸಂಜೆ ಅಕ್ಕಪಕ್ಕದ ಯಹೂದಿ ಹೆಂಗಸರು ನಮ್ಮಲ್ಲಿಗೆ ಬಂದಿದ್ದರು. ಅಜ್ಜಿ ಚೆನ್ನಾಗಿಯೇ ಹೇಳಿದರು. ಹಸಿವು ತಡೆಯಲಾಗದೆ ಕ್ಯಾಂಪಿನ ಹೆಂಗಸರು ರಾತ್ರಿ ಒಬ್ಬರಿಗೊಬ್ಬರು ಅಡುಗೆ ಹೇಳಿಕೊಡುತ್ತಿದ್ದರಂತೆ, ಎಷ್ಟು ಮೊಟ್ಟೆ, ಎಷ್ಟು ಬೆಣ್ಣೆ ಅಂತ ಲೆಕ್ಕ ಸಮೇತ. ಎಲ್ಲರೂ ಹೋದ ಮೇಲೆ ಬಾಗಿಲ ಚಿಲಕ ನೋಡು ಅಂತ ನನ್ನನ್ನು ನಾಲ್ಕು ಸಲ ಎಬ್ಬಿಸಿದರು. ಎರಡು ರಾತ್ರಿ ನಿದ್ದೆಯಿಲ್ಲ. ಇದು ಹಗುರ ಆಗಿದ್ದಾ?

ಆದರೆ ಹೆಂಗಸರ ನಡುವೆ ಒಂದು ಬಳಗ ಬೆಳೆಯುತ್ತೆ ಅಂದಿದ್ದು ನೂರಕ್ಕೆ ನೂರು ನಿಜ. ಕತೆ ಕೇಳಿದ ಸಂಜೆ ಅಲ್ಲ, ಆಮೇಲೆ. ಅವರಲ್ಲೊಬ್ಬರು ಮುಂದಿನ ಶುಕ್ರವಾರ ಯಹೂದಿಗಳು ತಮ್ಮ ವಾರದ ವಿಶ್ರಾಂತಿ ದಿನಕ್ಕೆ ಮಾಡುವ ಹಲ್ಲಾ ಬ್ರೆಡ್ ಬಿಸಿಬಿಸಿ ತಂದು, ಕ್ಯಾಂಪಿನ ಸುದ್ದಿಯೇ ಎತ್ತದೆ ಅಜ್ಜಿ ಪಕ್ಕ ಸುಮ್ನೆ ಕೂತರು. ಆವತ್ತಿಂದ ಪ್ರತಿ ಶುಕ್ರವಾರ ಯಾರಾದರೊಬ್ಬರು ಬರುತ್ತಲೇ ಇದ್ದಾರೆ.